ಬಿಕ್ಕಲಂ

ಹೋದ ವಾರ ಲಂಡನ್ನಿನಲ್ಲಿರೋ ಗೆಳೆಯನೊಬ್ಬ ಫೋನ್ ಮಾಡಿದ್ದ. ಅಲ್ಲೇ ಒಂದು ಮನೆ ತಗೋತಾ ಇದಾನಂತೆ. "ಕಾಗದ ಪತ್ರ ಎಲ್ಲಾ ಸಾಲಿಸಿಟರ್ ಹತ್ರ ಹೋಗಿ ಮೂರು ತಿಂಗಳಾಯ್ತು ಮಾರಾಯ, ಇನ್ನೂ ಬಿಡುಗಡೆ ಇಲ್ಲ" ಅಂತ ಗೋಳು ಹೇಳ್ಕೊಂಡ. ಮಾತಿನ ಮಧ್ಯೆ, "ಅಲ್ಲಾ, ಸಾಲಿಸಿಟರ್‌ಗೆ ಕನ್ನಡದಲ್ಲಿ ಏನಂತಾರೆ?" ಅಂದ. ವಕೀಲ ಅಂದ್ರೆ ಸರಿಹೋಗಲ್ಲ, ಕೋರ್ಟಿನಲ್ಲಿ ನಿಂತು ವಾದ ಮಾಡೋನಲ್ಲ ಅವನು. ನ್ಯಾಯವಾದಿ ಅಂತೂ ಅಲ್ಲವೇ ಅಲ್ಲ. ಪತ್ರ ಬರೆಯೋನು, ಹಕ್ಕು ಸರಿಯಿದೆಯಾ ಅಂತ ನೋಡೋನು, ಓದಿ ಹೇಳೋನು. "ನಮ್ಮ ಹೊಳಲೂರಲ್ಲಿ ಅವನಿಗೆ ಬಿಕ್ಕಲಂ ಅಂತಿದ್ರು" ಅಂದೆ. ಅವನು ನಕ್ಕ. ತಮಾಷೆಗೆ ಹೇಳಿದ ಮಾತು ಫೋನ್ ಇಟ್ಟ ಮೇಲೂ ತಲೆಯಲ್ಲೇ ಕೂತುಬಿಡ್ತು.

ಹಳೇ ಕ್ರಯಪತ್ರ, ಭೋಗ್ಯಪತ್ರ ನೋಡಿದವರಿಗೆ ಗೊತ್ತಿರುತ್ತೆ. ಎಲ್ಲಾ ಮುಗಿದ ಮೇಲೆ, ಸಾಕ್ಷಿಗಳ ರುಜು ಆದ ಮೇಲೆ, ಕೊನೆಯಲ್ಲಿ 'ಬಿಕ್ಕಲಂ' ಅಂತ ಬರೆದು ಪತ್ರ ಬರೆದವನ ಹೆಸರು ಇರುತ್ತೆ. 'ಕಲಂ' ಅಂದ್ರೆ ಲೇಖನಿ, 'ಬ' ಅಂದ್ರೆ ಇಂದ. ಲೇಖನಿಯಿಂದ, ಇಂಥವನ ಕೈಬರಹದಿಂದ ಅಂತ ಅರ್ಥ. ಅರಬ್ಬಿ, ಪಾರ್ಸಿ ಕೂಡಿ ಬಂದ ಮಾತು. ನಮ್ಮ ಕಡೆ ಅದು ಬರಬರುತ್ತಾ ಬರೆದವನಿಗೇ ಹೆಸರಾಯ್ತು. "ಬಿಕ್ಕಲಂ ಯಾರು?" ಅಂತಲೇ ಕೇಳ್ತಿದ್ರು.

ನಾನು ಮೊದಲು ಆ ಪದ ಓದಿದ್ದು 1991ರಲ್ಲಿ, ಏಳನೇ ಕ್ಲಾಸಿನಲ್ಲಿದ್ದಾಗ. ಅಜ್ಜಿಯ ತಮ್ಮನ ಮಗ ಬ್ಯಾಂಕ್ ಸಾಲಕ್ಕೆ ಅಂತ ಜಮೀನಿನ ಕಾಗದದ ಗಂಟು ಕಟ್ಟಿಕೊಂಡು ಶಿವಮೊಗ್ಗಕ್ಕೆ ಹೊರಟವನು ರಾತ್ರಿ ನಮ್ಮನೇಲಿ ಉಳಿದಿದ್ದ. ಹೊನ್ನಾಳಿ ಕಡೆಯಿಂದ ಬರೋರಿಗೆ ನಮ್ಮೂರು ದಾರಿಯಲ್ಲೇ ಸಿಗುತ್ತಲ್ಲ. ಅವನು ಊಟಕ್ಕೆ ಕೂತಾಗ ನಾನು ಗಂಟು ಬಿಚ್ಚಿ ಒಂದೊಂದೇ ಓದ್ತಾ ಹೋದೆ. ಓದೋಕೆ ಬರುತ್ತೆ ಅಂತ ತೋರಿಸಿಕೊಳ್ಳೋ ವಯಸ್ಸು! ಅದರಲ್ಲೊಂದು 1964ನೇ ಇಸವಿಯ ಹಕ್ಕು ಖುಲಾಸೆ ಪತ್ರ. ಬರೆದುಕೊಟ್ಟವರ ಹೆಸರಿನ ಜಾಗದಲ್ಲಿ ನಮ್ಮಜ್ಜಿಯ ಹೆಸರು. ನನಗೆ ಖುಷಿಯೋ ಖುಷಿ, ಅಜ್ಜಿ ಹೆಸರು ಸರ್ಕಾರದ ಕಾಗದದಲ್ಲಿ! ಜೋರಾಗಿ ಓದಿದೆ. ಮಧ್ಯದಲ್ಲಿ 'ನಿಧಿ ನಿಕ್ಷೇಪ ಜಲ ಪಾಷಾಣ' ಅಂತ ಬಂತು. "ಅಜ್ಜೀ, ನಿಧಿನೂ ಕೊಟ್ಟುಬಿಟ್ಟಿದೀಯಲ್ಲೇ!" ಅಂದೆ. ಅಜ್ಜಿ ಬಡಿಸ್ತಾ ಇದ್ದ ಸೌಟು ಹಿಡಿದುಕೊಂಡೇ ನಿಂತಿದ್ರು. "ಇನ್ನೊಂದ್ಸಲ ಓದು" ಅಂದ್ರು.

ಆ ಪತ್ರದ ಕಥೆಗೆ ಆಮೇಲೆ ಬರ್ತೀನಿ. ಮೊದಲು ಆ ನಿಧಿಯ ವಿಚಾರ.

ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಇವು ಎಂಟು. ಅಷ್ಟಭೋಗ ತೇಜಸ್ವಾಮ್ಯ ಅಂತಾರೆ. ನೆಲದಡಿ ಹೂತ ಹಣ, ಇಟ್ಟ ಒಡವೆ, ನೀರು, ಕಲ್ಲು, ಸವೆಯದೆ ಉಳಿಯೋ ಉತ್ಪತ್ತಿ, ಮುಂದೆ ಬರಬಹುದಾದದ್ದು, ಈಗಾಗಲೇ ಕೈಗೆ ಬಂದಿರೋದು, ದುಡಿದು ಸಾಧಿಸಬಹುದಾದದ್ದು. ನೆಲದ ಜೊತೆ ಇಷ್ಟೂ ಹೋಗುತ್ತೆ ಅಂತ ಹೇಳೋ ರೀತಿ ಇದು. ಯಾವ ವಕೀಲನೂ ಇದನ್ನ ಹುಟ್ಟಿಸಿದ್ದಲ್ಲ. ವಿಜಯನಗರದ ಕಾಲದ ದಾನಶಾಸನಗಳಲ್ಲಿ, ಕೆಳದಿ ನಾಯಕರ ತಾಮ್ರಪಟಗಳಲ್ಲಿ ಇದೇ ಎಂಟು ಪದ ಬರುತ್ತೆ. ಬಿ.ಎಲ್. ರೈಸ್ ಸಾಹೇಬರು ನಮ್ಮ ಜಿಲ್ಲೆಯ ಶಾಸನಗಳನ್ನ ಎರಡು ಸಂಪುಟ ಮಾಡಿ 1902 ಮತ್ತು 1904ರಲ್ಲಿ ಅಚ್ಚು ಹಾಕಿಸಿದರು. ಪುಟ ತಿರುವಿದ್ರೆ ಸಬ್ ರಿಜಿಸ್ಟ್ರಾರ್ ಆಫೀಸಿನ ಕಟ್ಟೆ ಮೇಲೆ ಕೂತಂಗೆ ಆಗುತ್ತೆ. ಅದೇ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ದಿಣ್ಣೆ, ಉತ್ತರಕ್ಕೆ ಇಂಥವರ ಗದ್ದೆ... ಚಕ್ಕುಬಂದಿ. ಅದೇ ಪುತ್ರ ಪೌತ್ರ ಪಾರಂಪರ್ಯ. ರಾಜರು ಹೋದ್ರು, ವರಹ ಹೋಗಿ ರೂಪಾಯಿ ಬಂತು, ಕಲ್ಲು ಹೋಗಿ ಛಾಪಾ ಕಾಗದ ಬಂತು. ಒಕ್ಕಣೆ ಮಾತ್ರ ಹಾಗೇ ಉಳೀತು. ಬರೆಯೋರು ಹಿಂದಿನವರದ್ದನ್ನ ನೋಡಿ ಬರೆದ್ರು, ಅಷ್ಟೇ. ಈ ಕಸುಬಿನಲ್ಲಿ ಹೊಸದು ಬರೆಯೋನು ದಡ್ಡ.

ಇನ್ನೂ ಹಿಂದಕ್ಕೆ ಹೋದ್ರೆ ನಮ್ಮ ಬಿಕ್ಕಲಂ ಕಲ್ಯಾಣದಲ್ಲಿ ಸಿಗ್ತಾನೆ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ (1076ರಿಂದ 1126) ಅಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಅನ್ನೋ ವ್ಯಾಖ್ಯಾನ ಬರೆದ. ಅದರಲ್ಲಿ ಪತ್ರ ಬರೆಯೋದರ ಬಗ್ಗೆಯೇ ಒಂದು ಪ್ರಕರಣ ಇದೆ. ವರ್ಷ ತಿಂಗಳು ದಿನ ಇರಬೇಕು, ಕೊಡೋನು ತಗೊಳೋನು ಇಬ್ಬರ ಹೆಸರು, ತಂದೆ ಹೆಸರು ಇರಬೇಕು, ಸಾಲಗಾರ ತನ್ನ ಕೈಯಾರೆ 'ಮೇಲೆ ಬರೆದದ್ದು ನನಗೆ ಒಪ್ಪಿಗೆ' ಅಂತ ಬರೀಬೇಕು, ಸಾಕ್ಷಿಗಳು ಬರೀಬೇಕು, ಎಲ್ಲಕ್ಕಿಂತ ಕೊನೆಯಲ್ಲಿ ಲೇಖಕ 'ಇಬ್ಬರೂ ಕೇಳಿಕೊಂಡದ್ದರಿಂದ ಇಂಥವನ ಮಗನಾದ ನಾನು ಬರೆದೆ' ಅಂತ ಬರೀಬೇಕು. ಸಾಕ್ಷಾತ್ ಬಿಕ್ಕಲಂ! 'ಇಬ್ಬರೂ ಕೇಳಿಕೊಂಡದ್ದರಿಂದ' ಅನ್ನೋ ಮಾತನ್ನ ಗಮನಿಸಿ. ಅಕ್ಷರ ಬಾರದವನಿದ್ದರೆ ಸಾಕ್ಷಿಗಳೆಲ್ಲರ ಎದುರಿಗೆ ಬೇರೆಯವರಿಂದ ತನ್ನ ಒಪ್ಪಿಗೆ ಬರೆಸಬೇಕು ಅಂತಲೂ ಅಲ್ಲಿದೆ. ಬಲಾತ್ಕಾರದಿಂದ, ಮೋಸದಿಂದ ಮಾಡಿಸಿದ ಪತ್ರ ಪತ್ರವೇ ಅಲ್ಲ ಅಂತಲೂ ಇದೆ.

ಹಿಂದೂ ಅವಿಭಕ್ತ ಕುಟುಂಬ, ಹುಟ್ಟಿನಿಂದಲೇ ಗಂಡುಮಕ್ಕಳಿಗೆ ಪಾಲು, ಇವೆಲ್ಲಾ ಬಂದದ್ದೂ ಇದೇ ಮಿತಾಕ್ಷರದಿಂದ. ಇದರ ದಾಯಭಾಗದ ಪ್ರಕರಣವನ್ನ ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲೀಷಿಗೆ ತಂದ. ಬ್ರಿಟಿಷ್ ಜಡ್ಜುಗಳಿಗೆ ಅದೇ ಕೈಪಿಡಿಯಾಯ್ತು. ಬಸವಕಲ್ಯಾಣದಲ್ಲಿ ಕೂತು ಬರೆದದ್ದು ಲಂಡನ್ನಿನ ಪ್ರಿವಿ ಕೌನ್ಸಿಲ್ಲಿನಲ್ಲಿ ಚರ್ಚೆಯಾಗಿ ಮತ್ತೆ ಶಿವಮೊಗ್ಗದ ಕೋರ್ಟಿಗೆ ತೀರ್ಪಾಗಿ ವಾಪಸ್ ಬಂತು.

ಊರಿನ ಮಟ್ಟದಲ್ಲಿ ಈ ಕೆಲಸ ಇದ್ದದ್ದು ಶಾನುಭೋಗರ ಕೈಯಲ್ಲಿ. ವಂಶಪಾರಂಪರ್ಯ ಹುದ್ದೆ. ಬಟ್ಟೆಗೆ ಹುಣಸೆ ಬೀಜದ ಸರಿ, ಇದ್ದಿಲು ಬಳಿದು ಮಡಿಕೆ ಮಡಿಕೆಯಾಗಿ ಮಾಡಿದ ಕಡತದಲ್ಲಿ ಬಳಪದಿಂದ ಲೆಕ್ಕ. (ಈಗ ಆಫೀಸುಗಳಲ್ಲಿ ಫೈಲಿಗೆ ಕಡತ ಅಂತಾರಲ್ಲ, ಅದು ಈ ಕಪ್ಪು ಬಟ್ಟೆಯ ಪಳೆಯುಳಿಕೆ.) ಯಾರ ಗದ್ದೆ ಎಲ್ಲಿ ಮುಗಿಯುತ್ತೆ, ಯಾರು ಯಾರಿಗೆ ಸಾಲ ಅನ್ನೋದು ಶಾನುಭೋಗರಿಗೆ ಬಾಯಿಪಾಠ. ಶಿವಪ್ಪನಾಯಕನ ಶಿಸ್ತಿನಿಂದ ಹಿಡಿದು 1863ರಲ್ಲಿ ಶುರುವಾದ ಮೈಸೂರಿನ ಸರ್ವೆಯವರೆಗೆ ಜಮೀನಿನ ಗುರುತು ಅಂದ್ರೆ ಶಾನುಭೋಗರ ಮಾತು. ಅವರ ಮೋಡಿ ಅಕ್ಷರ ಬೇರೆಯವರಿಗೆ ಓದೋಕೆ ಬರ್ತಿರಲಿಲ್ಲ. ಬರಬಾರದು ಅಂತಲೂ ಇತ್ತೇನೋ! ಅವರನ್ನ ಬರೀ ಖಳನಾಯಕ ಮಾಡೋದು ನಮ್ಮ ಸಿನಿಮಾಗಳ ಚಾಳಿ, ನನಗದು ಒಪ್ಪಿಗೆಯಿಲ್ಲ. ಆದ್ರೆ ಒಂದೇ ಕೈಯಲ್ಲಿ ಸರ್ಕಾರದ ಲೆಕ್ಕ, ಸಾಹುಕಾರನ ಪತ್ರ, ರೈತನ ನಂಬಿಕೆ ಮೂರೂ ಇತ್ತು. 'ಇಬ್ಬರೂ ಕೇಳಿಕೊಂಡದ್ದರಿಂದ' ಅನ್ನೋದು ಅಲ್ಲಿ ಕಷ್ಟವೇ ಸರಿ. ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ 1961ರಲ್ಲಿ ಆಗಿ, 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ಶಾನುಭೋಗಿಕೆ, ಪಟೇಲಿಕೆ ಎಲ್ಲಾ ಹೋಯ್ತು. ಗ್ರಾಮಲೆಕ್ಕಿಗರು ಬಂದ್ರು. ಕೆಲಸ ಹೋದ ಶಾನುಭೋಗರಲ್ಲಿ ಅಕ್ಷರ ಚೆನ್ನಾಗಿದ್ದ ಕೆಲವರು ರಿಜಿಸ್ಟ್ರಾರ್ ಕಚೇರಿ ಮುಂದೆ ಡೆಸ್ಕು ಹಾಕಿಕೊಂಡು ಕೂತರು. ಅಜ್ಜಿಯ ಪತ್ರ ಬರೆದವರೂ ಅಂಥವರೇ ಒಬ್ಬರು ಅಂತ ಆಮೇಲೆ ತಿಳೀತು.

ವಕೀಲರು ಬಂದದ್ದು ಇದರ ಪಕ್ಕದಲ್ಲಿ, ಬೇರೆ ದಾರಿಯಿಂದ. 1830-31ರ ನಗರ ದಂಗೆ ಆಯ್ತಲ್ಲ, ಅದನ್ನೇ ನೆಪ ಮಾಡಿ ಇಂಗ್ಲೀಷರು ಮೈಸೂರಿನ ಆಡಳಿತ ತಗೊಂಡರು. 1856ರಲ್ಲಿ ಜುಡಿಷಿಯಲ್ ಕಮೀಷನರ್, 1884ರಲ್ಲಿ ಮೂವರು ಜಡ್ಜುಗಳ ಚೀಫ್ ಕೋರ್ಟು, 1930ರಲ್ಲಿ ಅದೇ ಮೈಸೂರು ಹೈಕೋರ್ಟು ಆಯ್ತು. ಬೆಂಗಳೂರು, ಮೈಸೂರು ಬಿಟ್ರೆ ಜಿಲ್ಲಾ ನ್ಯಾಯಾಲಯ ಇದ್ದ ಮೂರನೇ ಊರು ನಮ್ಮ ಶಿವಮೊಗ್ಗ. ಹಾಗಾಗಿ ಇಲ್ಲಿ ವಕೀಲರು ಮೊದಲಿಂದ ಜಾಸ್ತಿ. ಅವರಲ್ಲೂ ದರ್ಜೆಗಳು, ಮೊದಲ ದರ್ಜೆ ಪ್ಲೀಡರು, ಎರಡನೇ ದರ್ಜೆ ಪ್ಲೀಡರು ಅಂತ. ಬೊಂಬಾಯಿ, ಕಲ್ಕತ್ತಾ ಹೈಕೋರ್ಟುಗಳಲ್ಲಿ ಮಾತ್ರ ವಿಲಾಯಿತಿಯ ಹಾಗೆ ಎರಡು ಜಾತಿ. ಕಕ್ಷಿದಾರನ ಜೊತೆ ಕೂತು ಕಾಗದ ಸಿದ್ಧಮಾಡೋ ಅಟಾರ್ನಿ ಅಥವಾ ಸಾಲಿಸಿಟರ್ ಒಬ್ಬ, ಗೌನು ಹಾಕಿ ವಾದ ಮಾಡೋನು ಇನ್ನೊಬ್ಬ. 1961ರ ವಕೀಲರ ಕಾಯಿದೆ ಎಲ್ಲರನ್ನೂ ಅಡ್ವೊಕೇಟ್ ಅನ್ನೋ ಒಂದೇ ಹೆಸರಿಗೆ ತಂತು. ಅಟಾರ್ನಿ ಅನ್ನೋ ವರ್ಗ 1976ರ ತಿದ್ದುಪಡಿಯಿಂದ ಪೂರ್ತಿ ಹೋಯ್ತು. ಬೊಂಬಾಯಿಯಲ್ಲಿ ಸಾಲಿಸಿಟರ್ ಪರೀಕ್ಷೆ ಮಾತ್ರ ಅಲ್ಲಿನ ಸಂಘವೊಂದು ನಡೆಸಿಕೊಂಡು ಬಂದಿದೆ.

ನಮ್ಮಲ್ಲಿ ಸಾಲಿಸಿಟರ್ ಬರಲೇ ಇಲ್ಲ. ಪರಿಣಾಮ ಏನಾಯ್ತು ಅಂದ್ರೆ, ಜಗಳ ಆದ ಮೇಲೆ ಹೋಗೋಕೆ ವಕೀಲರಿದ್ದರು, ಜಗಳ ಆಗೋ ಮೊದಲು ಕೇಳೋಕೆ ಯಾರೂ ಇರಲಿಲ್ಲ. ಇದ್ದವನು ಬಿಕ್ಕಲಂ. ಅವನು ಕಾನೂನು ಓದಿದವನಲ್ಲ. ಅವನಿಗೆ ಕೂಲಿ ಕೊಡ್ತಿದ್ದದ್ದು ಪತ್ರ ಬರೆಸಿಕೊಳ್ಳೋ ಪಾರ್ಟಿ. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿ ಮಾರಾಟ ರಿಜಿಸ್ಟರ್ ಆಗಲೇಬೇಕು ಅಂತ ಕಾಯಿದೆ. ಆದ್ರೆ ರಿಜಿಸ್ಟ್ರಾರ್ ನೋಡೋದು ಬಂದವನು ಅವನೇನಾ, ಬರೆದುಕೊಟ್ಟದ್ದು ಒಪ್ತಾನಾ ಅಂತ ಮಾತ್ರ. ನ್ಯಾಯವಾ ಅಂತ ಕೇಳೋದು ಅವರ ಕೆಲಸ ಅಲ್ಲ. ಪತ್ರ ಬರಹಗಾರರಿಗೆ ಲೈಸೆನ್ಸ್ ನಿಯಮ ನಮ್ಮ ರಾಜ್ಯದಲ್ಲಿ ಬಂದದ್ದು 1979ರಲ್ಲಿ.

ಭಾಷೆಯ ವಿಚಾರದಲ್ಲಿ ಬಿಕ್ಕಲಂಗೊಂದು ಸಲಾಂ ಹೇಳಲೇಬೇಕು. ಹೈಕೋರ್ಟಿನ ಭಾಷೆ ಸಂವಿಧಾನದ 348ನೇ ವಿಧಿಯಂತೆ ಇಂಗ್ಲೀಷು. ಕೆಳಗಿನ ಕೋರ್ಟುಗಳಲ್ಲೂ ಕನ್ನಡ ತೀರ್ಪು ಕೊಟ್ಟರೆ ಪೇಪರಲ್ಲಿ ಸುದ್ದಿಯಾಗುತ್ತೆ! ರಿಜಿಸ್ಟ್ರಾರ್ ಕಚೇರಿ ಮುಂದಿನ ಮರದ ಕೆಳಗೆ ಮಾತ್ರ ಕನ್ನಡ ಒಂದು ದಿನವೂ ನಿಂತಿರಲಿಲ್ಲ. ಆದರೆ ಎಂಥ ಕನ್ನಡ? ದಸ್ತಾವೇಜು, ಖುಲಾಸೆ, ಬಾಬ್ತು, ತಕರಾರು, ಜಾಮೀನು ಅಂತ ಪಾರ್ಸಿ ಅರಬ್ಬಿ ಒಂದು ಕಡೆ, ಅಕ್ಷೀಣಿ ಆಗಾಮಿ ಅಂತ ಸಂಸ್ಕೃತ ಇನ್ನೊಂದು ಕಡೆ. ಮಧ್ಯೆ ನಮ್ಮಜ್ಜಿಗೆ ಅರ್ಥ ಆಗೋ ಪದ ಅಂದ್ರೆ 'ಗದ್ದೆ', 'ಹಳ್ಳ' ಅಷ್ಟೇ.

ಈಗ ಆ ಪತ್ರ. ಅಜ್ಜಿಯ ಅಪ್ಪ ತೀರಿಕೊಂಡದ್ದು 1961ರಲ್ಲಿ. ಇಬ್ಬರು ತಮ್ಮಂದಿರು, ಆರು ಎಕರೆ ಗದ್ದೆ. ತಾಯಿ ಮೊದಲೇ ಇರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಪ್ರಕಾರ ಅಪ್ಪ ಇಬ್ಬರು ಮಕ್ಕಳ ಜೊತೆ ಪಾಲಾಗಿದ್ದರೆ ಅವರಿಗೆ ಎರಡು ಎಕರೆ ಬರಬೇಕಿತ್ತು, ಆ ಎರಡು ಎಕರೆಯಲ್ಲಿ ಮಗಳಿಗೂ ಸಮಪಾಲು. ಅಂದ್ರೆ ಇಪ್ಪತ್ತಾರೂವರೆ ಗುಂಟೆಗೆ ಚೂರು ಮೇಲೆ. ಈ ಲೆಕ್ಕ ನಾನು ಎಷ್ಟೋ ವರ್ಷ ಆದಮೇಲೆ ಮಾಡಿದ್ದು. 1964ರಲ್ಲಿ ಅಜ್ಜಿಗೆ ಇದು ಗೊತ್ತಿರಲಿಲ್ಲ, ತಮ್ಮಂದಿರಿಗೂ ಪೂರ್ತಿ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದದ್ದು ಬಿಕ್ಕಲಂಗೆ. ಹಬ್ಬಕ್ಕೆ ತವರಿಗೆ ಹೋದ ಅಜ್ಜಿಯನ್ನ ಗಾಡಿಯಲ್ಲಿ ಶಿವಮೊಗ್ಗಕ್ಕೆ ಕರಕೊಂಡು ಹೋದ್ರಂತೆ. ಅಪ್ಪನ ಹೆಸರಿಂದ ಖಾತೆ ಬದಲಾಯಿಸೋಕೆ ನಿನ್ನದೊಂದು ಹೆಬ್ಬೆಟ್ಟು ಬೇಕು ಅಂದ್ರಂತೆ. ಪತ್ರದಲ್ಲಿ ಇರೋದು ಹೀಗೆ: ಅರಿಶಿನ ಕುಂಕುಮದ ಬಾಬ್ತು ಮುನ್ನೂರು ರೂಪಾಯಿ ಮುಟ್ಟಿರುತ್ತೆ, ಇನ್ನು ಮುಂದೆ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಇರುವುದಿಲ್ಲ, ಓದಿ ಹೇಳಲಾಗಿ ಕೇಳಿ ಒಪ್ಪಿ ಹಾಕಿದ ಎಡಗೈ ಹೆಬ್ಬೆಟ್ಟಿನ ಗುರುತು. ಇಬ್ಬರು ಸಾಕ್ಷಿಗಳು. ಬಿಕ್ಕಲಂ.

ಓದಿ ಹೇಳಲಾಗಿ! ಇಪ್ಪತ್ತೇಳು ವರ್ಷ ಆದಮೇಲೆ ಏಳನೇ ಕ್ಲಾಸಿನ ಹುಡುಗ ಓದಿ ಹೇಳಿದ್ದು.

ಅಕ್ಷರ ಬಾರದ ಹೆಂಗಸಿನ ಹೆಬ್ಬೆಟ್ಟಿನ ಪ್ರಶ್ನೆ ಹಳೇದು. ಪರದೆಯಲ್ಲಿರೋ ಹೆಂಗಸರಿಂದ ಪತ್ರ ಬರೆಸಿಕೊಂಡವನೇ ಅದು ಆಕೆಗೆ ಅರ್ಥವಾಗಿತ್ತು ಅಂತ ಸಾಬೀತು ಮಾಡಬೇಕು ಅಂತ ಪ್ರಿವಿ ಕೌನ್ಸಿಲ್ ಎಷ್ಟೋ ಸಲ ಹೇಳಿತ್ತು. ಖರ್ಬೂಜಾ ಕುವರ್ ಅನ್ನೋ ಹೆಂಗಸಿನ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟೂ ಅದನ್ನೇ ಹೇಳ್ತು, 1963ರ ವರದಿಗಳಲ್ಲಿದೆ. ಅಂದ್ರೆ ಅಜ್ಜಿ ಹೆಬ್ಬೆಟ್ಟು ಹಾಕೋ ಹಿಂದಿನ ವರ್ಷ. ಈ ಕೆಲಸವನ್ನೇ ಬದುಕು ಮಾಡಿಕೊಂಡವಳು ಕಾರ್ನೀಲಿಯಾ ಸೊರಾಬ್ಜಿ. 1892ರಲ್ಲಿ ಆಕ್ಸ್‌ಫರ್ಡಿನಲ್ಲಿ ಕಾನೂನು ಪರೀಕ್ಷೆಗೆ ಕೂತ ಮೊದಲ ಹೆಂಗಸು. ಹೆಂಗಸರು ವಕೀಲರಾಗೋದಕ್ಕೆ ಬ್ರಿಟಿಷ್ ಇಂಡಿಯಾದಲ್ಲಿ ಕಾಯಿದೆ ಆದದ್ದು 1923ರಲ್ಲಿ. ಅದಕ್ಕೂ ಮುಂಚೆ 1904ರಿಂದ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್ ಪರವಾಗಿ ಜನಾನಾಗಳಿಗೆ ಹೋಗಿ, ಆ ಹೆಂಗಸರ ಎದುರು ಕೂತು ಅವರ ಕಾಗದ ಓದಿ ಹೇಳ್ತಿದ್ದಳು. ನನ್ನ ಲೆಕ್ಕದಲ್ಲಿ ನಿಜವಾದ ಸಾಲಿಸಿಟರ್ ಅಂದ್ರೆ ಆಕೆ.

ನಮ್ಮ ಮೈಸೂರು ಕಾಯಿದೆ ಮಾಡೋದರಲ್ಲಿ ಹಿಂದೆ ಬಿದ್ದಿರಲಿಲ್ಲ ಅಂತ ಹೆಮ್ಮೆ ಪಡಬಹುದು. ಹಿಂದೂ ಹೆಂಗಸರ ಹಕ್ಕಿನ ಕಾಯಿದೆ ಇಲ್ಲಿ 1933ರಲ್ಲೇ ಆಯ್ತು, ಬ್ರಿಟಿಷ್ ಇಂಡಿಯಾದಲ್ಲಿ 1937ರಲ್ಲಿ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಪಾಲು ಅಂತ ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಬಂತು, ಅದೂ ಅಷ್ಟರೊಳಗೆ ಮದುವೆಯಾಗದೇ ಇದ್ದವರಿಗೆ ಮಾತ್ರ. ದೇಶಕ್ಕೆಲ್ಲಾ 2005ರ ಸೆಪ್ಟೆಂಬರ್ 9ರಿಂದ. ಅಪ್ಪ ಆ ದಿನ ಬದುಕಿರಬೇಕಾ ಅನ್ನೋ ಗೊಂದಲ ವಿನೀತಾ ಶರ್ಮಾ ಪ್ರಕರಣದಲ್ಲಿ 2020ರಲ್ಲಿ ಬಗೆಹರೀತು, ಬೇಕಿಲ್ಲ ಅಂತ. ಒಂದೊಂದು ಕಾಯಿದೆ ಬಂದಾಗಲೂ ರಿಜಿಸ್ಟ್ರಾರ್ ಕಚೇರಿ ಮುಂದೆ ಹಕ್ಕು ಖುಲಾಸೆ ಪತ್ರಗಳ ಸಾಲು ಉದ್ದವಾಯ್ತು ಅನ್ನೋದನ್ನ ಹಳ್ಳಿ ಕಡೆಯವರು ಬಲ್ಲರು.

ಕಾಗದ ಉಳ್ಳವನು, ಕಾಗದ ಇಲ್ಲದವನು ಅನ್ನೋ ಜಗಳಕ್ಕೆ ನಮ್ಮ ಜಿಲ್ಲೆಯೇ ದೊಡ್ಡ ಉದಾಹರಣೆ. ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದರಲ್ಲ, ಅಲ್ಲಿ ಜಗಳ ಶುರುವಾದದ್ದು ಭತ್ತ ಅಳೆಯೋ ಕೊಳಗದ ಗಾತ್ರದಿಂದ. ಬಾಯಿಮಾತಿನ ಗೇಣಿಗೆ ಪತ್ರವೇ ಇರಲಿಲ್ಲ, ಇನ್ನು ಕೊಳಗ ಎಷ್ಟು ದೊಡ್ಡದು ಅಂತ ಬರೆದಿಟ್ಟವರು ಯಾರು? ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ, ಆಮೇಲೆ ಲೋಹಿಯಾ ಬಂದದ್ದು ಎಲ್ಲಾ ನಿಮಗೆ ಗೊತ್ತಿರೋದೇ. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರ ಏಳನೇ ನಂಬರ್ ಫಾರಂ ತುಂಬಿ ಕೊಡಬೇಕು, ಭೂನ್ಯಾಯ ಮಂಡಳಿ ತೀರ್ಮಾನ ಮಾಡುತ್ತೆ. ಇದರಲ್ಲಿ ಒಂದು ಸ್ವಾರಸ್ಯ ಇದೆ, ಜಾಸ್ತಿ ಜನ ಗಮನಿಸಿಲ್ಲ. ಕಾಯಿದೆಯ 48ನೇ ಸೆಕ್ಷನ್ನಿನ 8ನೇ ಉಪಸೆಕ್ಷನ್ನು, ಮಂಡಳಿಯ ಎದುರು ವಕೀಲರು ಬರುವಂತಿಲ್ಲ ಅಂತ ಹೇಳ್ತಿತ್ತು!

ಯಾಕೆ ಅಂತ ಊಹಿಸೋದು ಕಷ್ಟ ಅಲ್ಲ. ಒಡೆಯನಿಗೆ ಒಳ್ಳೇ ವಕೀಲ ಸಿಗ್ತಾನೆ, ಗೇಣಿದಾರನಿಗೆ ಸಿಗಲ್ಲ, ಹಾಗಾಗಿ ಇಬ್ಬರಿಗೂ ಬೇಡ. ವಕೀಲರಿಗೆ ಇದು ಕಸುಬಿನ ಪ್ರಶ್ನೆ. ಅಡ್ವೊಕೇಟ್ ಕಾಯಿದೆ ಸಂಸತ್ತು ಮಾಡಿದ್ದು, ಅದರ ಮೇಲೆ ರಾಜ್ಯ ಕೈ ಹಾಕಬಹುದಾ ಅಂತ. ಶ್ರೀನಿವಾಸ ರಾಘವಾಚಾರ್ ಅವರ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ 1987ರಲ್ಲಿ ತೀರ್ಪಾಯ್ತು. ಭೂಸುಧಾರಣೆಯನ್ನ ಎತ್ತಿಹಿಡಿದ ಕೋರ್ಟು, ವಕೀಲರನ್ನ ಹೊರಗಿಡೋ ಈ ಮಾತು ಮಾತ್ರ ನಿಲ್ಲಲ್ಲ ಅಂತ ಹೇಳ್ತು. ಅಷ್ಟರಲ್ಲಿ ಹದಿಮೂರು ವರ್ಷ ಕಳೆದು ಅರ್ಜಿಗಳಲ್ಲಿ ಬಹುಪಾಲು ಮುಗಿದಿತ್ತು. ನನಗೆ ಎರಡೂ ಕಡೆ ಮನಸ್ಸು ಹೋಗುತ್ತೆ. ವಕೀಲ ಇಲ್ಲದ ಮಂಡಳಿಯಲ್ಲಿ ಎಷ್ಟೋ ಗೇಣಿದಾರರು ತಮ್ಮ ಮಾತನ್ನ ತಾವೇ ಆಡಿ ಗೆದ್ದರು, ನಿಜ. ಆದರೆ ಅಲ್ಲೂ ಫಾರಂ ತುಂಬಿದವರು ಯಾರು? ಅದೇ ಮರದ ಕೆಳಗಿನ ಡೆಸ್ಕಿನವರು. ಹೆಂಗಸರು ಉಳುತ್ತಿದ್ದ ಗದ್ದೆಗೆ ಮನೆ ಗಂಡಸಿನ ಹೆಸರು ಬಿದ್ದದ್ದು ಎಷ್ಟಿರಬಹುದು?

ಛಾಪಾ ಕಾಗದದ ಕಥೆ ಎಲ್ಲರಿಗೂ ಗೊತ್ತು, ಬೇಗ ಮುಗಿಸ್ತೀನಿ. ಖಾನಾಪುರದ ತೆಲಗಿ 2001ರಲ್ಲಿ ಅಜ್ಮೀರದಲ್ಲಿ ಸಿಕ್ಕಿಬಿದ್ದ, ಬೆಂಗಳೂರಿನಲ್ಲಿ 2017ರಲ್ಲಿ ಸತ್ತ. ಆ ಹಗರಣದ ನಂತರ ನಮ್ಮಲ್ಲಿ ಹಳೇ ಛಾಪಾ ಕಾಗದ ಕಣ್ಮರೆಯಾಗಿ ದಸ್ತಾವೇಜು ಹಾಳೆ, ಇ-ಸ್ಟ್ಯಾಂಪು ಅಂತೆಲ್ಲಾ ಬಂತು. 2003ರಲ್ಲಿ ಕಾವೇರಿ ತಂತ್ರಾಂಶ ಬಂದು ರಿಜಿಸ್ಟ್ರಾರ್ ಕಚೇರಿಗೆ ಕ್ಯಾಮರಾ, ಹೆಬ್ಬೆಟ್ಟಿನ ಯಂತ್ರ ಬಂದ್ವು. 2023ರಲ್ಲಿ ಕಾವೇರಿ 2.0, ಕರಡನ್ನ ಮನೆಯಿಂದಲೇ ಏರಿಸಬಹುದು.

ಅಜ್ಜಿ ದಾವೆ ಹಾಕಲಿಲ್ಲ. ಮೋಸ ಗೊತ್ತಾದ ದಿನದಿಂದ ಮೂರು ವರ್ಷ ಅಂತ ಕಾಲಮಿತಿ ಕಾಯಿದೆಯಲ್ಲಿದೆ, ಆ ದಿನ ನಮ್ಮ ಅಡುಗೆ ಮನೆಯಲ್ಲೇ ಆಗಿತ್ತು. 1994ರವರೆಗೂ ಹಾಕಬಹುದಿತ್ತೇನೋ. ಅಪ್ಪ ಒಂದ್ಸಲ ಕೇಳಿದ್ರಂತೆ. "ತಮ್ಮ ಸತ್ತು ಹೋದ. ಆ ಹುಡುಗನ ಮೇಲೆ ಹಾಕಲಾ?" ಅಂದ್ರಂತೆ. ಹುಡುಗ, ಅಂದ್ರೆ ಆವತ್ತು ಗಂಟು ತಂದಿದ್ದ ಮಾವ, ಪ್ರತಿವರ್ಷ ಸುಗ್ಗಿಯಾದ ಮೇಲೆ ಒಂದು ಮೂಟೆ ಅಕ್ಕಿ ತಂದು ಜಗಲಿ ಮೇಲೆ ಇಳಿಸಿ ಹೋಗ್ತಿದ್ದ. ಮೊದಲು ಅದನ್ನ 'ತವರಿನ ಅಕ್ಕಿ' ಅಂತಿದ್ದ ಅಜ್ಜಿ, ಆಮೇಲೆ 'ನನ್ನ ಗದ್ದೆ ಅಕ್ಕಿ' ಅನ್ನೋಕೆ ಶುರು ಮಾಡಿದ್ರು. ಮಾವನ ಎದುರಿಗೇ ಅಂತಿದ್ರು. ಅವನು ಏನೂ ಅನ್ನುತ್ತಿರಲಿಲ್ಲ. 2003ರಲ್ಲಿ ಅಜ್ಜಿ ಹೋದ್ರು. ಅಕ್ಕಿ ಮೂಟೆ ಅದಾದ ಮೇಲೂ ನಾಲ್ಕು ವರ್ಷ ಬಂತು.

ಮೊನ್ನೆ ನನ್ನದೇ ಒಂದು ಸೈಟಿನ ನೋಂದಣಿಗೆ ಹೋಗಿದ್ದೆ. ಹದಿಮೂರು ಪುಟ. ಹಿಂದೆ ಇನ್ನೂ ಹತ್ತು ಜನ ಕಾಯ್ತಿದ್ದರು. ಬರೆದುಕೊಟ್ಟವರು ತೋರಿಸಿದ ಕಡೆಯೆಲ್ಲಾ ರುಜು ಹಾಕ್ತಾ ಹೋದೆ. ಏಳನೇ ಪುಟದಲ್ಲಿ 'ನಿಧಿ ನಿಕ್ಷೇಪ' ಕಣ್ಣಿಗೆ ಬಿತ್ತು, ನಿಂತು ಓದೋಣ ಅಂದುಕೊಂಡೆ. ಅಷ್ಟರಲ್ಲಿ ಕಂಪ್ಯೂಟರ್ ಮುಂದಿದ್ದ ಹುಡುಗಿ ಗಾಜಿನ ಯಂತ್ರವನ್ನ ನನ್ನ ಕಡೆ ತಳ್ಳಿ, "ಎಡಗೈ ಹೆಬ್ಬೆಟ್ಟು ಇಡಿ ಸಾರ್" ಅಂದಳು. ಇಟ್ಟೆ :)